ಸಾಹೇಬರ ಸಂತೋಷ

ಮನುಷ್ಯನ ಸುಖದುಃಖವೆಲ್ಲ ಹಲ್ಲಿನಲ್ಲಿದೆ ಎನ್ನುವುದು ಭಾವನ ನಂಬಿಕೆ. ಹಲ್ಲು ಕಂಡರೆ ಸುಖ, ಕಾಣದಿದ್ದರೆ ದುಃಖ. ಇವೆರಡರ ನಡುವೆ ಇನ್ನೊಂದು ಸ್ಥಿತಿ ಇರಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ದಂತವೈದ್ಯರಿಗೆ ಇಂಥ ನಂಬಿಕೆ ಇದ್ದರೆ ತಪ್ಪೇನಿಲ್ಲ, ಮನೆ ನಡೆಯುವುದೇ ಅದರಿಂದ. ಆದರೆ ಭಾವ ಕ್ಲಿನಿಕ್ಕಿಗೆ ಬೀಗ ಹಾಕಿದ ಮೇಲೂ ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಸಾವಿನ ಮನೆಗೆ ಹೋದರೂ ಅಳುವವರ ಬಾಯೊಳಗೆ ಒಮ್ಮೆ ಕಣ್ಣು ಹಾಯಿಸಿ ಬರುವ ಆಸಾಮಿ ಅವರು.

ಅವರ ಕ್ಲಿನಿಕ್ಕಿನ ಹೊರಕೋಣೆಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಕುರ್ಚಿಯೂ ಅಲ್ಲ, ಕೌಂಟರೂ ಅಲ್ಲ, ಭಾವನ ಹೆಂಡತಿಯ, ಅಂದರೆ ಅಕ್ಕನ ಹಲ್ಲು. ಕೌಂಟರಿನ ಹಿಂದಿನ ಗೋಡೆಯ ಮೇಲೆ ಬಾಗಿಲಷ್ಟು ಅಗಲದ ಫೋಟೋ, ಅದಕ್ಕೆ ಗಾಜಿನ ಕಟ್ಟು, ಕಟ್ಟಿನ ತುಂಬ ಅಕ್ಕನ ನಗು. ಮೇಲೆ ದಪ್ಪಕ್ಷರದಲ್ಲಿ ‘ನಿಮ್ಮ ನಗು, ನಮ್ಮ ಹೊಣೆ’. ಮದುವೆಯಾದ ಹೊಸದರಲ್ಲಿ ಅಕ್ಕನ ಸೊಟ್ಟ ಹಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದು ಭಾವನ ಮೊದಲ ದೊಡ್ಡ ಕೆಲಸ. ಒಬ್ಬೊಬ್ಬರು ಹೆಂಡತಿಗೆ ಒಡವೆ ಮಾಡಿಸುತ್ತಾರೆ, ಇವರು ಹಲ್ಲು ಮಾಡಿಸಿದರು. ಮಾಡಿಸಿದ್ದನ್ನು ನಾಲ್ಕು ಜನರಿಗೆ ತೋರಿಸುವ ಚಪಲ ಎರಡರಲ್ಲೂ ಒಂದೇ.

ಆ ಫೋಟೋದ ಅಡಿಯಲ್ಲಿ, ಕೌಂಟರಿನ ಹಿಂದೆ ಕೂರುತ್ತಿದ್ದವನು ಅಕ್ಕನ ತಮ್ಮ; ಭಾವ, ಅಕ್ಕ ಎಂಬ ಹೆಸರು ಅವರಿಬ್ಬರಿಗೆ ಬಂದದ್ದೇ ಇವನಿಂದ. "ನಮ್ಮ ಭಾಮೈದ" ಎಂದು ಭಾವ ಪರಿಚಯಿಸುವಾಗ ಅದರ ಬಾಲಕ್ಕೆ ಒಂದು ನಿಟ್ಟುಸಿರು ಇದ್ದೇ ಇರುತ್ತಿತ್ತು. ಕೇಳಿ ಕೇಳಿ ನರ್ಸಮ್ಮ, ಆಯಾ, ಬಂದುಹೋಗುವ ರೋಗಿಗಳು ಎಲ್ಲರ ಬಾಯಲ್ಲೂ ಅವನು ಭಾಮೈದನೇ ಆಗಿಬಿಟ್ಟಿದ್ದ. ಹಿಂದೆ ಹಾಸಿಗೆ ಮಾರಿದ್ದ, ಗಡಿಯಾರ ರಿಪೇರಿ ಕಲಿಯಲು ಹೋಗಿ ಇದ್ದ ಗಡಿಯಾರವನ್ನೂ ನಿಲ್ಲಿಸಿದ್ದ, ಜನರಿಗೆ ಕಾರು ಕಲಿಸುತ್ತೇನೆಂದು ಹೊರಟು ತಾನೇ ಕಂಬಕ್ಕೆ ಗುದ್ದಿದ್ದ. ಎಲ್ಲೂ ತಳ ಊರದ ಅವನಿಗೆ ಅಕ್ಕ ಗಂಡನ ಬೆನ್ನು ಹತ್ತಿ ಈ ಕುರ್ಚಿ ಕೊಡಿಸಿದ್ದಳು. ಕೆಲಸ ಸುಲಭದ್ದು. ಬಂದವರನ್ನು ಕೂರಿಸುವುದು, ಸರದಿ ಬಂದಾಗ ಒಳಗೆ ಕಳಿಸುವುದು. ತೊಂದರೆ ಏನೆಂದರೆ, ಕೂರಿಸುವುದಕ್ಕೂ ಕಳಿಸುವುದಕ್ಕೂ ನಡುವೆ ಸಾಕಷ್ಟು ಬಿಡುವಿತ್ತು ಮತ್ತು ಭಾಮೈದನಿಗೆ ಬಾಯಿತ್ತು.

"ರೂಟ್ ಕೆನಾಲಾ? ಏನೂ ಹೆದರ್ಬೇಡಿ ಸಾರ್. ಹೋದ್ಸಲ ಒಬ್ರಿಗೆ ಸೂಜಿ ಒಳಗೇ ಮುರಿದುಹೋಯ್ತು. ಆದ್ರೂ ಅವರ ಧೈರ್ಯ ನೋಡ್ಬೇಕಿತ್ತು ನೀವು. ಕಿರುಚಿದ್ದು ಬೀದಿಗೆಲ್ಲ ಕೇಳಿಸ್ತು, ಆದ್ರೆ ಕುರ್ಚಿ ಬಿಟ್ಟು ಏಳಲಿಲ್ಲ!"

ಅವನು ಧೈರ್ಯ ಹೇಳುತ್ತಿದ್ದದ್ದೇ ಹೀಗೆ. ಕೆನ್ನೆ ಊದಿಸಿಕೊಂಡು ಬಂದ ಬಸ್ ಕಂಡಕ್ಟರೊಬ್ಬ ಇದನ್ನು ಕೇಳಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಟವನು ಹಿಂದಿರುಗಿ ನೋಡಲಿಲ್ಲ. ಅಂದು ಭಾವ ಊಟ ಮಾಡದೆ ಕೂಗಾಡಿದರು. ಇವನನ್ನು ಮನೆಗೆ ಕಳಿಸಿಬಿಡುತ್ತೇನೆ, ನಿನ್ನ ತಮ್ಮನಾದರೇನು, ದೇವರ ತಮ್ಮನಾದರೇನು ಎಂದರು. ಅಕ್ಕ ಎದುರಾಡಲಿಲ್ಲ. ಅವಳು ಮೊದಲಿಂದಲೂ ಸದ್ದು ಮಾಡುವವಳಲ್ಲ. ತವರಿನಲ್ಲಿದ್ದಾಗ ಪಾತ್ರೆ ತೊಳೆಯುತ್ತ ಹಾಡಿಕೊಳ್ಳುತ್ತಿದ್ದಳು, ಅದೂ ಎಂಥ ಅಪಸ್ವರವೆಂದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಅದೊಂದು ಬಿಟ್ಟರೆ ಅವಳಿಂದ ಯಾರಿಗೂ ಉಪದ್ರವವಿರಲಿಲ್ಲ. ಮರುದಿನ ಅವಳು ಕ್ಲಿನಿಕ್ಕಿಗೆ ಬಂದಾಗ ಕೈಯಲ್ಲೊಂದು ಗಾಜಿನ ಬೋಗುಣಿ ಇತ್ತು. ಒಳಗೆ ಹೆಬ್ಬೆರಳಷ್ಟು ಉದ್ದದ ಒಂದು ಮೀನು, ನೀಲಿ ಮೈ, ಕೆಂಪು ರೆಕ್ಕೆ, ಸೆರಗಿನಂಥ ಬಾಲ.

"ಬೆಟ್ಟಾ ಅಂತೆ ಇದರ ಹೆಸರು. ಜನ ಇದನ್ನ ನೋಡ್ಕೊಂಡು ಕೂತಿರ್ಲಿ. ಇವನ ಮಾತು ಕಿವಿಗೆ ಬೀಳಲ್ಲ" ಎಂದಳು.

ಭಾವ ಮೀನನ್ನು ಎಡದಿಂದಲೂ ಬಲದಿಂದಲೂ ಪರೀಕ್ಷಿಸಿದರು. ಅದಕ್ಕೆ ಹೇಳಿಕೊಳ್ಳುವಂಥ ಹಲ್ಲಿರಲಿಲ್ಲ. ಆದರೂ ಒಪ್ಪಿದರು. "ಸರಿ. ಆದ್ರೆ ಇದನ್ನ ನೋಡ್ಕೊಳ್ಳೋದು ಇವನ ಕೆಲಸ. ಮೀನು ಖುಷಿಯಾಗಿರೋ ತನಕ ಇವನೂ ಇಲ್ಲಿರ್ಲಿ. ಅದು ಸಪ್ಪಗಾದ ದಿನ ಇವನು ಗಂಟುಮೂಟೆ ಕಟ್ಲಿ. ಒಂದು ಮೀನನ್ನ ಸಂತೋಷವಾಗಿಡೋಕೆ ಆಗದವನು ನನ್ನ ರೋಗಿಗಳನ್ನ ಏನು ನೋಡ್ಕೊಳ್ತಾನೆ?"

ಹೀಗೆ ಭಾಮೈದನ ಅನ್ನದ ಋಣ ಒಂದು ಮೀನಿನ ಮನಸ್ಸಿಗೆ ಗಂಟುಬಿತ್ತು. ಮೀನಿಗೆ ಹೆಸರಿಟ್ಟವಳು ಆಯಾ. ಬೆಳಗಿನಿಂದ ಸಂಜೆವರೆಗೆ ಏನೂ ಕೆಲಸ ಮಾಡದೆ, ಎಲ್ಲರಿಂದ ಸೇವೆ ಮಾಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಇರುವ ಪ್ರಾಣಿಯನ್ನು ಅವಳು ಬೇರೆ ಏನೆಂದು ಕರೆಯಬೇಕು? ‘ಸಾಹೇಬರು’ ಎಂದಳು. ಅದೇ ನಿಂತಿತು.

ಸಾಹೇಬರು ಮೊದಲ ದಿನದಿಂದಲೇ ಮಂಕು. ಹೊರಕೋಣೆಯಲ್ಲಿ ರೋಗಿಗಳ ಬೆವರು ಇಳಿಯಲಿ ಎಂದು ಎಸಿಯನ್ನು ಜೋರಾಗಿ ಹಾಕಿರುತ್ತಿದ್ದರು, ಬೋಗುಣಿಯ ನೀರು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಸಾಹೇಬರು ತಳದಲ್ಲಿ ಒಂದೆಡೆ ನಿಂತು, ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು, ಮತ್ತೆ ತಳಕ್ಕೆ ಹೋಗುತ್ತಿದ್ದರು. ಭಾವ ಒಳಗಿಂದ ಹೊರಗೆ ಬಂದಾಗಲೆಲ್ಲ "ಏನೋ, ಸಪ್ಪಗಿದೆಯಲ್ಲೋ?" ಎನ್ನುವರು.

ಒಂದು ಬೆಳಿಗ್ಗೆ ನರ್ಸಮ್ಮ ಬಾಯಿ ನೋಡುವ ಪುಟ್ಟ ಕನ್ನಡಿಗಳ ಟ್ರೇ ಹಿಡಿದು ಒಳಗೆ ಹೋಗುತ್ತಿದ್ದವಳು ಫೋನು ಬಂತೆಂದು ಟ್ರೇಯನ್ನು ಬೋಗುಣಿಯ ಪಕ್ಕ ಇಟ್ಟಳು. ಉದ್ದ ಹಿಡಿಯ ತುದಿಗೆ ನಾಣ್ಯದಷ್ಟು ಗುಂಡನೆಯ ಕನ್ನಡಿ, ಅಷ್ಟೆ. ಸಾಹೇಬರು ತಿರುಗಿ ನೋಡಿದ್ದೇ ತಡ, ಮೈಯೆಲ್ಲ ಬಿಚ್ಚಿಕೊಂಡಿತು. ರೆಕ್ಕೆಗಳು ಬೀಸಣಿಗೆಯ ಹಾಗೆ ಅರಳಿದವು, ಕಿವಿರು ಕೊರಳಪಟ್ಟಿಯ ಹಾಗೆ ನಿಂತುಕೊಂಡಿತು, ಬಣ್ಣ ಒಂದಕ್ಕೆರಡಾಗಿ ಉರಿಯಿತು. ಗಲ್ಲಕ್ಕೆ ಕೈಯಿಟ್ಟು ನರಳುತ್ತಿದ್ದ ರೋಗಿಗಳು ನರಳುವುದನ್ನು ಮರೆತರು. ಗಲಾಟೆ ಕೇಳಿ ಭಾವ ಕೈಗವಸಿನಲ್ಲೇ ಓಡಿಬಂದರು.

"ನೋಡ್ರೋ, ನಗ್ತಾ ಇದೆ!" ಎಂದರು ಭಾವ. "ನನ್ನ ಉಪಕರಣ ನೋಡಿ ನಗ್ತಾ ಇದೆ!"

ಅಂದಿನಿಂದ ಭಾಮೈದನ ದೆಸೆ ತಿರುಗಿತು. ಒಂದು ಬಾಯಿಗನ್ನಡಿಯನ್ನು ಅವನು ಬೋಗುಣಿಯ ಹಿಂದೆ ಮೇಣದಲ್ಲಿ ಅಂಟಿಸಿಯೇಬಿಟ್ಟ; ಸಾಹೇಬರು ಸುಸ್ತಾಗಿ ಆ ಕಡೆ ಬೆನ್ನು ಹಾಕಿದರೆ ಈ ಕಡೆಯಿಂದ ಇನ್ನೊಂದನ್ನು ಹಿಡಿಯುತ್ತಿದ್ದ. ಮಕ್ಕಳು ಅಳು ನಿಲ್ಲಿಸಿದರು. ದೊಡ್ಡವರು ಹಲ್ಲು ಸರಿಯಿದ್ದರೂ ‘ಒಂದ್ಸಲ ತೋರಿಸ್ಕೊಂಡು ಹೋಗೋಣ ಅಂತ’ ಬರತೊಡಗಿದರು. ‘ನಗುವ ಮೀನಿನ ಆಸ್ಪತ್ರೆ’ ಎಂದರೆ ಆಟೋದವರಿಗೆ ವಿಳಾಸ ಹೇಳಬೇಕಿರಲಿಲ್ಲ. ಭಾಮೈದನಿಗೆ ‘ಮೀನಪ್ಪ’ ಎಂಬ ಬಿರುದು ಬಂತು. ಮೀನಿನ ಮನಸ್ಸಿನ ಬಗ್ಗೆ ಅವನು ಉಪದೇಶ ಮಾಡಲೂ ಶುರುಮಾಡಿದ. "ನೋಡಿ, ಪ್ರಾಣಿಗೂ ಮನುಷ್ಯರಿಗೂ ಏನೂ ವ್ಯತ್ಯಾಸ ಇಲ್ಲ. ನಾಲ್ಕು ಜನ ನೋಡ್ತಿದಾರೆ ಅಂದ್ರೆ ಸಾಕು, ಖುಷಿ ತಾನಾಗೇ ಬರುತ್ತೆ" ಎನ್ನುವನು. ಜನ ಹೌದು ಹೌದು ಎಂದು ತಲೆಯಾಡಿಸುವರು. ಬಾಯಲ್ಲಿ ಹತ್ತಿ ಇದ್ದವರಿಗೆ ಬೇರೆ ದಾರಿಯೂ ಇರಲಿಲ್ಲ.

ನಡುವೆ ಒಂದು ಸಣ್ಣ ಘಟನೆ ನಡೆಯಿತು. ಭಾವ ದಂತವೈದ್ಯರ ಯಾವುದೋ ಸಮ್ಮೇಳನಕ್ಕೆ ಹೋದದ್ದರಿಂದ ಕೆಲವು ದಿನ ಕ್ಲಿನಿಕ್ ಮುಚ್ಚಿತ್ತು. ಎಸಿ ಇಲ್ಲ, ಜನರಿಲ್ಲ. ನರ್ಸಮ್ಮ ಕನ್ನಡಿಗಳನ್ನೆಲ್ಲ, ಬೋಗುಣಿಗೆ ಅಂಟಿಸಿದ್ದನ್ನೂ ಬಿಡಿಸಿ, ತೊಳೆಯಲೆಂದು ಒಳಗಿಟ್ಟಿದ್ದಳು. ಭಾಮೈದ ದಿನಕ್ಕೊಮ್ಮೆ ಬಂದು ನಾಲ್ಕು ಕಾಳು ಆಹಾರ ಹಾಕಿ ಹೋಗುತ್ತಿದ್ದ. ಮತ್ತೆ ಬಾಗಿಲು ತೆರೆದ ದಿನ ನೋಡಿದರೆ ಬೋಗುಣಿಯ ನೀರಿನ ಮೇಲೆ, ಒಂದು ಅಂಚಿನಲ್ಲಿ, ಬಿಳಿ ನೊರೆ ಒತ್ತಾಗಿ ನಿಂತಿತ್ತು. ಬೇರೆ ಯಾರ ಕಣ್ಣಿಗಾದರೂ ಬಿದ್ದಿದ್ದರೆ ಸೋಪಿನ ನೊರೆ ಎಂದುಕೊಳ್ಳುತ್ತಿದ್ದರೋ ಏನೋ. ಆದರೆ ಇದು ದಿನವಿಡೀ ಜನ ಬಾಯಿ ಮುಕ್ಕಳಿಸುವ ಜಾಗ. ಇಲ್ಲಿಯವರಿಗೆ ನೊರೆ ಎಂದರೆ ಒಂದೇ ಅರ್ಥ.

"ಬಾಗಿಲು ಹಾಕೋ ಮುಂಚೆ ಯಾವನೋ ಉಗುಳಿಬಿಟ್ಟಿದಾನೆ!" ಎಂದಳು ಆಯಾ.

ಭಾವನ ಪಿತ್ತ ನೆತ್ತಿಗೇರಿತು. ಬೋಗುಣಿಯನ್ನು ಉಜ್ಜಿ ತೊಳೆಸಿದರು, ‘ಮೀನಿನ ನೀರಿಗೆ ಉಗುಳಬಾರದು’ ಎಂದು ಫಲಕ ಬರೆಸಿ ತೂಗುಹಾಕಿದರು. ಹೊಸದಾಗಿ ಬಂದವರು ಅದನ್ನು ಓದಿ, ಇದು ಎಂಥ ಜನ ಬರುವ ಕ್ಲಿನಿಕ್ಕಪ್ಪಾ ಎಂದು ಅಕ್ಕಪಕ್ಕದವರಿಂದ ಒಂದು ಕುರ್ಚಿ ದೂರ ಕೂರುತ್ತಿದ್ದರು.

ಆಮೇಲೆ ಸಾಹೇಬರು ಇಳಿಯತೊಡಗಿದರು. ಬಾಲದ ಅಂಚು ಹರಿದ ಬಟ್ಟೆಯ ಹಾಗೆ ಚಿಂದಿಯಾಯಿತು. ಬಣ್ಣ ಮಾಸಿತು. ಕನ್ನಡಿ ತೋರಿಸಿದರೆ ರೆಕ್ಕೆ ಅರ್ಧ ಬಿಚ್ಚಿ, ಅಲ್ಲೇ ಓರೆಯಾಗಿ, ತಳಕ್ಕೆ ಕೂರುವರು. ಭಾಮೈದನಿಗೆ ಕೈಕಾಲು ಆಡಲಿಲ್ಲ. ಕೆಲಸದ ಭಯ ಒಂದು ಕಡೆ. ಇನ್ನೊಂದು ಕಡೆ, ಹೇಳಿಕೊಳ್ಳಲು ನಾಚಿಕೆಯಾದರೂ, ಅವನಿಗೆ ಆ ಮೀನಿನ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಅವನು ಎಷ್ಟು ಮಾತಾಡಿದರೂ ಎದ್ದುಹೋಗದೆ ಕೇಳಿದ ಜೀವ ಅದೊಂದೇ.

ಸಲಹೆಗಳಿಗೇನೂ ಬರವಿರಲಿಲ್ಲ. ಮುಂದಿನ ಹಲ್ಲು ಕಟ್ಟಿಸಿಕೊಳ್ಳಲು ಬಂದ ಮೇಷ್ಟ್ರು, ಅದಕ್ಕೆ ಶಿಸ್ತು ಸಾಲದು ಎಂದರು. ದವಡೆ ಊದಿದ ದರ್ಜಿ, ಒಂಟಿತನ, ಇನ್ನೊಂದು ಮೀನು ತಂದು ಜೊತೆ ಮಾಡಿ ಎಂದ. ಒಬ್ಬಾಕೆ ಹೊಟ್ಟೆಗಿಲ್ಲ ಪಾಪ ಎಂದು ಬಿಸ್ಕತ್ತು ಪುಡಿಮಾಡಿ ಹಾಕಿದಳು, ನೀರು ಗಬ್ಬೆದ್ದಿತು. ಭಾವ ಮಾತ್ರ ಒಂದೇ ಮಾತು ಹೇಳಿದರು: "ಕನ್ನಡಿ ಸಾಲ್ತಿಲ್ಲ. ದೊಡ್ಡದು ತಾ."

ದೊಡ್ಡ ಕನ್ನಡಿ ತರುವ ಬದಲು ಭಾಮೈದ ಮೀನಿನಂಗಡಿಗೆ ಹೋದ. ಅಂಗಡಿಯಾಕೆ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಮೊಣಕೈವರೆಗೆ ತೊಟ್ಟಿಯೊಳಗೆ ಕೈಯಿಟ್ಟು ಪಾಚಿ ಉಜ್ಜುತ್ತಿದ್ದಳು. ಅವನು ಎಲ್ಲ ವರದಿ ಒಪ್ಪಿಸಿದ. ಕನ್ನಡಿಯ ವಿಷಯಕ್ಕೆ ಬಂದಾಗ ಅವಳ ಕೈ ನಿಂತಿತು.

"ಎಷ್ಟು ಹೊತ್ತು ಹಿಡೀತಿದ್ರಿ?"

"ಕ್ಲಿನಿಕ್ ತೆರೆದಿರೋ ತನಕ. ಅದಕ್ಕೆ ಬಲು ಇಷ್ಟ. ನೋಡಿದ ಕೂಡಲೇ ಕುಣಿಯುತ್ತೆ."

"ಕುಣಿಯೋದಲ್ಲಪ್ಪಾ ಅದು, ಕೋಪ! ಗಂಡು ಬೆಟ್ಟಾ ತನ್ನ ಜಾಗದಲ್ಲಿ ಇನ್ನೊಂದು ಗಂಡನ್ನ ಸಹಿಸಲ್ಲ. ಕನ್ನಡಿಯೊಳಗೆ ಇನ್ನೊಬ್ಬ ಬಂದಿದಾನೆ ಅಂತ ಅದು ಜಗಳಕ್ಕೆ ನಿಲ್ಲುತ್ತೆ. ಒಂದು ಗಳಿಗೆ ಆದ್ರೆ ಸರಿ, ವ್ಯಾಯಾಮ. ನೀವು ಬೆಳಗಿಂದ ಸಂಜೆವರೆಗೂ ಅದರ ಮನೆಯೊಳಗೆ ಶತ್ರುನ ಕೂರಿಸಿದ್ರೆ ಅದು ಬದುಕೋದು ಹೇಗೆ?"

ಭಾಮೈದನ ಮುಖ ಹುಳ್ಳಗಾಯಿತು. ಮೀನಪ್ಪನೆಂದು ಮೆರೆದಿದ್ದೆಲ್ಲ ಕಣ್ಣಮುಂದೆ ಬಂತು. ಸಿಟ್ಟನ್ನು ಎಲ್ಲಿ ತೀರಿಸಿಕೊಳ್ಳುವುದೆಂದು ತಿಳಿಯದೆ ಕೇಳಿದ: "ಆ ಬೋಗುಣಿ ಕೊಟ್ಟವರು ನೀವೇ ಅಲ್ವಾ? ಅದು ಸರಿಯಿತ್ತಾ?"

"ಬೋಗುಣಿ ಕೇಳಿದ್ರು, ಬೋಗುಣಿ ಕೊಟ್ಟೆ. ಮೀನಿಗೆ ಅದು ಹಿಡಿಸುತ್ತಾ ಅಂತ ಯಾರು ಕೇಳಿದ್ರು?" ಎಂದ ಅಂಗಡಿಯಾಕೆ ಒಂದಿಷ್ಟೂ ಅಳುಕದೆ ಅವನ ಮುಂದೆ ಸಾಮಾನು ಜೋಡಿಸತೊಡಗಿದಳು. ಬಕೆಟ್ಟಿಗಿಂತ ದೊಡ್ಡದಾದ ಒಂದು ತೊಟ್ಟಿ, ಹಾರಿ ಹೊರಗೆ ಬೀಳದ ಹಾಗೆ ಅದಕ್ಕೊಂದು ಮುಚ್ಚಳ, ನೀರು ಬೆಚ್ಚಗಿಡುವ ಹೀಟರು, ಮೆಲ್ಲಗೆ ನೀರು ಸೋಸುವ ಫಿಲ್ಟರು, ನಲ್ಲಿ ನೀರಿನ ಔಷಧಿ ವಾಸನೆ ಕಳೆಯುವ ಹನಿಮದ್ದು, ಒರಗಿಕೊಳ್ಳಲು ಅಗಲ ಎಲೆಯ ಗಿಡ. ಮುಚ್ಚಳಕ್ಕೂ ನೀರಿಗೂ ನಡುವೆ ಗಾಳಿಗೆ ಜಾಗ ಬಿಡಬೇಕು. ಊಟ ಚೂರೇ ಚೂರು. ನೀರನ್ನು ಪೂರ್ತಿ ಚೆಲ್ಲದೆ ಆಗಾಗ ಸ್ವಲ್ಪ ಸ್ವಲ್ಪ ಬದಲಾಯಿಸಬೇಕು. "ಮುಖ್ಯವಾಗಿ ಅದನ್ನ ಅದರ ಪಾಡಿಗೆ ಬಿಡಿ" ಎಂದಳು. "ಖುಷಿಯಾದ್ರೆ ಅದೇ ತೋರಿಸುತ್ತೆ. ಮೇಲುಗಡೆ ಗುಳ್ಳೆ ಗುಳ್ಳೆಯಾಗಿ ನೊರೆಗೂಡು ಕಟ್ಟುತ್ತೆ."

ಭಾಮೈದ ಹೀಟರನ್ನು ಕೈಯಲ್ಲಿ ಹಿಡಿದವನು ಹಾಗೇ ನಿಂತ. "ನೊರೆನಾ?" ಎಂದ. ಅವನಿಗೆ ‘ಉಗುಳಬಾರದು’ ಫಲಕ ನೆನಪಾಗಿತ್ತು.

ತೊಟ್ಟಿ ಬಂತು. ಸತ್ತ ಮೀನು ಕ್ಲಿನಿಕ್ಕಿಗೆ ಅಪಶಕುನ ಎಂದು ಹೆದರಿಸಿ ಭಾಮೈದ ಭಾವನನ್ನು ಒಪ್ಪಿಸಿದ್ದ. ಸಾಹೇಬರು ಬೆಚ್ಚನೆಯ ನೀರಿನಲ್ಲಿ ಎಲೆಯ ಮೇಲೆ ಒರಗಿ ಚೇತರಿಸಿಕೊಂಡರು. ಬಾಲದ ಅಂಚಿನಲ್ಲಿ ಹೊಸ ಪೊರೆ ತೆಳ್ಳಗೆ ಮೂಡಿತು. ಅವರು ಈಗ ಮಾಡುತ್ತಿದ್ದದ್ದು ಇಷ್ಟೇ: ನಿಧಾನವಾಗಿ ತಿರುಗಾಡುವುದು, ಎಲೆಯ ಕೆಳಗೆ ತೂರುವುದು, ಸುಮ್ಮನಿರುವುದು. ಜನಕ್ಕೆ ಇದು ಹಿಡಿಸಲಿಲ್ಲ. "ಯಾಕೆ ಮೀನಪ್ಪ, ನಿಮ್ಮ ಸಾಹೇಬರಿಗೆ ಏನೋ ಬೇಜಾರು ಅನ್ಸುತ್ತೆ?" ಎಂದು ಬಂದವರೆಲ್ಲ ಕೇಳಿದರು. ಸಾಯುತ್ತಿದ್ದಾಗ ಚಪ್ಪಾಳೆ ತಟ್ಟಿದ ಮಂದಿಯೇ ಈಗ ಬದುಕಿದ್ದಕ್ಕೆ ಮರುಗುತ್ತಿದ್ದರು.

ಇಷ್ಟರಲ್ಲಿ ಮುಗಿಯಬೇಕಿತ್ತು, ಮುಗಿಯಲಿಲ್ಲ. ಕನ್ನಡಿಗಳೆಲ್ಲ ಒಳಗೆ ಹೋಗಿದ್ದರೂ, ದೀಪ ಹಾಕಿದ ಕೂಡಲೇ ಸಾಹೇಬರು ತೊಟ್ಟಿಯ ಹಿಂಬದಿಗೆ ಹೋಗಿ ಮತ್ತೆ ಮೈ ಬಿಚ್ಚಿ ನಿಲ್ಲುತ್ತಿದ್ದರು. ಭಾಮೈದ ಬಗ್ಗಿ, ಕಣ್ಣನ್ನು ಮೀನಿನ ಮಟ್ಟಕ್ಕೆ ತಂದು ನೋಡಿದ. ತೊಟ್ಟಿಯನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಅದರ ಹಿಂದೆಯೇ ಅಕ್ಕನ ಫೋಟೋದ ಗಾಜು, ಆಯಾ ದಿನವೂ ಒರೆಸಿ ಒರೆಸಿ ಥಳಥಳ ಮಾಡಿದ ಗಾಜು. ಆ ಗಾಜಿನಲ್ಲಿ, ಅಕ್ಕನ ಹಲ್ಲುಗಳ ಮೇಲೆ, ಇನ್ನೊಂದು ನೀಲಿ ಮೀನು ರೆಕ್ಕೆ ಬಿಚ್ಚಿ ನಿಂತಿತ್ತು.

ಅವನು ನಡುವೆ ಒಂದು ರಟ್ಟು ಸಿಕ್ಕಿಸಿದ. ಭಾವ ಕಿತ್ತು ಬಿಸಾಕಿದರು. ತೊಟ್ಟಿಯನ್ನು ಅಲ್ಲೇ ಇಡಿಸಿದ್ದು ಅವರೇ, ಅದಕ್ಕೆ ಕಾರಣವೂ ಇತ್ತು: ನೀರಿನ ಮೂಲಕ ನೋಡಿದರೆ ಅಕ್ಕನ ಹಲ್ಲು ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು. "ಇಂಥ ಜಾಹೀರಾತು ಯಾರಿಗೆ ಸಿಗುತ್ತೋ? ಮುಂದೆ ನಗುವ ಮೀನು, ಹಿಂದೆ ನಗುವ ಹೆಂಡ್ತಿ. ಪತ್ರಿಕೆಯವರು ಫೋಟೋ ತೆಗೆಯೋಕೆ ಬರ್ತಿದಾರೆ. ಆ ದಿನ ಮೀನು ಚೆನ್ನಾಗಿ ನಗಬೇಕು. ನಗಲಿಲ್ಲ ಅಂದ್ರೆ ಗೊತ್ತಲ್ಲ ನಿನಗೆ?"

ಗೊತ್ತಿತ್ತು. ಬಿಸಾಕಿದ ರಟ್ಟನ್ನು ಹೆಕ್ಕಿ ಕೌಂಟರಿನ ಅಡಿಗೆ ತಳ್ಳಿದ.

ಪತ್ರಿಕೆಯವರು ಬರುವ ಹಿಂದಿನ ಸಂಜೆ ಅಕ್ಕ ಬಂದಳು. ಮರುದಿನಕ್ಕೆಂದು ಭಾವನ ಇಸ್ತ್ರಿ ಮಾಡಿದ ಕೋಟು ತಂದಿದ್ದಳು. ಭಾವ ಒಳಗೆ ಯಾರದೋ ದವಡೆಯೊಂದಿಗೆ ಹೆಣಗುತ್ತಿದ್ದರು. ಭಾಮೈದ ಅಕ್ಕನ ಕೈ ಹಿಡಿದು ಕೌಂಟರಿನ ಹಿಂದಕ್ಕೆ ಎಳೆದುಕೊಂಡು ಹೋಗಿ, ಬಗ್ಗಿಸಿ ತೋರಿಸಿದ.

"ನೋಡಕ್ಕ. ನಿನ್ನ ನಗು ಮೇಲೆ ತನ್ನ ನೆರಳು ನೋಡ್ಕೊಂಡು ದಿನಾ ಕಾದಾಡುತ್ತೆ. ಈ ಫೋಟೋ ಸ್ವಲ್ಪ ದಿನ ತೆಗೆಸು, ಭಾವ ನಿನ್ನ ಮಾತಾದ್ರೆ ಕೇಳ್ತಾರೆ. ನೀನು ಅಷ್ಟು ಖುಷಿಯಾಗಿರೋ ಫೋಟೋ, ತೆಗೆಸು ಅನ್ನೋಕೆ ನನಗೂ ಬೇಜಾರೇ."

ಅಕ್ಕ ಬಗ್ಗಿಕೊಂಡೇ ಮೆಲ್ಲಗೆ ಕೇಳಿದಳು: "ಖುಷಿಯಾಗಿದ್ನಾ? ಇದನ್ನ ತೆಗೆದಾಗ ಅಮ್ಮ ಹೋಗಿ ಇನ್ನೂ ತಿಂಗಳಾಗಿರಲಿಲ್ಲ ಕಣೋ. ನೀನೂ ಅಲ್ಲೇ ನಿಂತಿದ್ದೆ."

ಹೌದು, ನಿಂತಿದ್ದ. ಫೋಟೋಗೆ ಬೆಳಕು ಬೀಳಲೆಂದು ದೀಪ ಹಿಡಿದುಕೊಂಡು ನಿಂತಿದ್ದವನು ಅವನೇ. ಅಮ್ಮ ಹೋದ ದುಃಖವನ್ನು ಅಕ್ಕ ಇಷ್ಟು ಬೇಗ ಮರೆತಳಲ್ಲ, ಸದ್ಯ ಎಂದು ಸಮಾಧಾನಪಟ್ಟುಕೊಂಡು ಮನೆಗೆ ಹೋಗಿದ್ದ. ಅಲ್ಲಿಂದ ಇಲ್ಲಿಯವರೆಗೆ ಅಕ್ಕನನ್ನು ಹೇಗಿದ್ದೀಯ ಎಂದು ಕೇಳುವ ಅಗತ್ಯವೇ ಅವನಿಗೆ ಬಿದ್ದಿರಲಿಲ್ಲ. ದಿನ ಬೆಳಗಾದರೆ ಗೋಡೆಯ ಮೇಲೆ ನಗುತ್ತಲೇ ಇದ್ದಳಲ್ಲ. ಊರಿಗೆಲ್ಲ ಕೊಡಲು ಇದ್ದ ಮಾತುಗಳಲ್ಲಿ ಅಕ್ಕನಿಗೆ ಕೊಡಲು ಒಂದೂ ಸಿಗಲಿಲ್ಲ. ಅಕ್ಕ ಕೋಟನ್ನು ಕುರ್ಚಿಗೆ ಹಾಕಿ ಹೊರಟುಹೋದಳು.

ಮರುದಿನ ಹೊರಕೋಣೆ ಕಿಕ್ಕಿರಿದಿತ್ತು. ಪತ್ರಿಕೆಯ ಫೋಟೋಗ್ರಾಫರ್ ಕ್ಯಾಮೆರಾ ನೆಟ್ಟ. ಅಕ್ಕನನ್ನೂ ಕರೆಸಿ ಮೂಲೆಯಲ್ಲಿ ಕೂರಿಸಿದ್ದರು. ಭಾವ ಕೋಟು ತೊಟ್ಟು, ಮೇಲಿನ ಸಾಲು ಕೆಳಗಿನ ಸಾಲು ಎರಡೂ ಕಾಣುವಂತೆ ತಯಾರಾಗಿ ನಿಂತರು. ಹಗಲಾದ್ದರಿಂದ ದೀಪವಿರಲಿಲ್ಲ, ಗಾಜಿನಲ್ಲಿ ನೆರಳಿರಲಿಲ್ಲ. ಸಾಹೇಬರು ಎಲೆಯ ಕೆಳಗೆ ಹಾಯಾಗಿ ಒರಗಿದ್ದರು.

"ಎಲ್ಲೋ ಮೀನು?" ಎಂದರು ಭಾವ, ನಗು ಕೆಡಿಸದೆ.

"ಅಲ್ಲೇ ಇದೆ ಭಾವ. ಮಲಗಿದೆ."

"ಎಬ್ಬಿಸೋ." ಉತ್ತರಕ್ಕೆ ಕಾಯದೆ ಅವರು ಕೋಟಿನ ಜೇಬಿನಿಂದ ಬಾಯಿಗನ್ನಡಿ ತೆಗೆದು ತೊಟ್ಟಿಯ ಕಡೆ ಹೆಜ್ಜೆಯಿಟ್ಟರು.

ಭಾಮೈದ ತನಗೇ ಗೊತ್ತಿಲ್ಲದೆ ಅಡ್ಡ ನಿಂತಿದ್ದ. "ಬೇಡ ಭಾವ. ಅದು ನಗೋದಲ್ಲ, ಕೋಪ. ಅದನ್ನ ಕೋಪ ಮಾಡ್ಸಿ ಮಾಡ್ಸಿ ನಾವೇ ಸಾಯಿಸ್ತಿದ್ವಿ."

"ಕೋಪ ಇಷ್ಟು ಚೆನ್ನಾಗಿರುತ್ತೇನೋ?" ಭಾವ ಜನರ ಕಡೆ ತಿರುಗಿದರು. ಜನ ನಕ್ಕರು. "ತೋರ್ಸಿ ಡಾಕ್ಟ್ರೇ, ನಾವು ಅದಕ್ಕೇ ಬಂದಿದ್ದು" ಎಂದರು ಹಿಂದಿನಿಂದ ಯಾರೋ. ಭಾವ ದನಿ ತಗ್ಗಿಸಿದರು, ಹಲ್ಲು ಮುಚ್ಚದೆ ಹೇಳಿದರು: "ಈಗ ಪಕ್ಕಕ್ಕೆ ಸರೀದಿದ್ರೆ ನಾಳೆಯಿಂದ ಬರಬೇಡ."

"ಆಯ್ತು ಭಾವ, ಬರಲ್ಲ" ಎಂದ ಭಾಮೈದ. ಅವನ ಬಾಯಿಂದ ಅಷ್ಟು ಚಿಕ್ಕ ಮಾತು ಹೊರಟಿದ್ದು ಅದೇ ಮೊದಲು. ಅವನು ಸರಿಯಲಿಲ್ಲ.

ಆಗ ಅಕ್ಕ ಎದ್ದಳು. ಆಯಾಳ ಸ್ಟೂಲು ಎಳೆದುಕೊಂಡು ಹತ್ತಿ, ಎರಡೂ ಕೈ ಚಾಚಿ, ಬಾಗಿಲಷ್ಟಗಲದ ಆ ಕಟ್ಟನ್ನು ಮೊಳೆಯಿಂದ ಎತ್ತಿದಳು. ಒಬ್ಬಳ ಕೈಲಿ ಆಗುವ ಭಾರವಲ್ಲ. ಭಾಮೈದ ಓಡಿಹೋಗಿ ಇನ್ನೊಂದು ಬದಿ ಹಿಡಿದ. ಇಬ್ಬರೂ ಇಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ಭಾವನ ಕೈಯಲ್ಲಿ ಕನ್ನಡಿ ಹಾಗೇ ಇತ್ತು. "ಏನಿದು? ನೀನು ನಗ್ತಿರೋ ಫೋಟೋನ ನೀನೇ ತೆಗೀತಿದೀಯಾ?"

"ನಾನೆಲ್ಲಿ ನಗ್ತಿದ್ದೆ ರೀ?" ಎಂದಳು ಅಕ್ಕ. ಅವಳ ದನಿಯಲ್ಲಿ ಜಗಳವಿರಲಿಲ್ಲ. "ನೀವು ಬಾಯಿ ತೆಗಿ ಅಂದ್ರಿ, ತೆಗೆದೆ. ಇನ್ನೂ ದೊಡ್ಡದಾಗಿ ಅಂದ್ರಿ, ಇನ್ನೂ ದೊಡ್ಡದಾಗಿ ತೆಗೆದೆ."

ಫೋಟೋಗ್ರಾಫರ್ ಏನನ್ನು ತೆಗೆಯುವುದೆಂದು ತಿಳಿಯದೆ ಖಾಲಿ ಗೋಡೆಯ ಮೇಲಿನ ತೆಳು ಬಣ್ಣದ ಚೌಕವನ್ನು ಒಂದು ತೆಗೆದುಕೊಂಡು ಹೋದ. ಮರುದಿನ ಪತ್ರಿಕೆಯಲ್ಲಿ ಯಾವುದೋ ಕಣ್ಣಾಸ್ಪತ್ರೆಯ ಗಿಳಿಯ ಚಿತ್ರ ಬಂತು.

ಭಾಮೈದ ಮರುದಿನವೂ ಬಂದ. ಬರಬೇಡ ಎಂದಿದ್ದನ್ನು ಭಾವ ಮರೆತಿದ್ದರೋ, ನೆನಪಿಸಲು ಹೆದರಿದರೋ, ಅವನು ಕೇಳಲು ಹೋಗಲಿಲ್ಲ. ಭಾವ ರೋಗಿಗಳೊಡನೆ ಬೇಕಾದಷ್ಟೇ ಮಾತಾಡುತ್ತ, ಮಧ್ಯೆ ಮಧ್ಯೆ ಹೊರಗೆ ಬಂದು ಆ ತೆಳು ಚೌಕವನ್ನು ನೋಡಿ ಒಳಗೆ ಹೋಗುತ್ತಿದ್ದರು. ಜನ ಕಡಿಮೆಯಾದರು. ಉಳಿದವರಿಗೆ ಭಾಮೈದ ಮುರಿದ ಸೂಜಿಯ ಕಥೆ ಹೇಳುತ್ತಿದ್ದ.

ಕೆಲವು ದಿನಗಳ ಮೇಲೆ ಒಂದು ಸಂಜೆ, ಕೊನೆಯ ರೋಗಿ ಹೋದ ನಂತರ, ತೊಟ್ಟಿ ಒರೆಸಲು ಬಂದ ಆಯಾ ಕಿರುಚಿದಳು: "ಮತ್ತೆ ಉಗುಳಿದಾರೆ!" ಅವಳು ಬಟ್ಟೆ ನೀರಿಗಿಳಿಸುವ ಮೊದಲು ಭಾಮೈದ ಅವಳ ಕೈ ಹಿಡಿದುಕೊಂಡ. ಭಾವ ಒಳಗಿಂದ ಬಂದರು. ಅವರಿಗೆಂದು ಕಾದು ಕುಳಿತಿದ್ದ ಅಕ್ಕನೂ ಎದ್ದು ಬಂದಳು. ಅಗಲ ಎಲೆಯ ಕೆಳಗೆ, ನೀರಿನ ಮೇಲ್ಮೈಯಲ್ಲಿ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಕೂತಿದ್ದವು. ಸಾಹೇಬರು ಅದರ ಅಡಿಯಲ್ಲಿ ನಿಂತು, ಬಾಯಿಂದ ಇನ್ನೊಂದು ಗುಳ್ಳೆ ಬಿಟ್ಟು ಸ್ವಸ್ಥಾನಕ್ಕೆ ಸೇರಿಸುತ್ತಿದ್ದರು.

"ಗೂಡು ಭಾವ" ಎಂದ ಭಾಮೈದ. "ಖುಷಿಯಾದಾಗ ಕಟ್ಟುತ್ತಂತೆ."

ಭಾವ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. "ಹಿಂದೆ ಒಂದ್ಸಲ ಇತ್ತಲ್ಲ, ಅದೂ ಇದೇನಾ?"

"ಅದೂ ಇದೇ. ನಾವು ಉಜ್ಜಿ ತೊಳೆದುಬಿಟ್ವಿ."

ಭಾವ ‘ಉಗುಳಬಾರದು’ ಫಲಕವನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡುವುದೆಂದು ತೋಚದೆ ಅಕ್ಕನ ಕಡೆ ತಿರುಗಿದರು. ಬಾಯಿಯ ಕಡೆಗಲ್ಲ, ಕಣ್ಣಿನ ಕಡೆಗೇ ನೋಡಿ ಕೇಳಿದರು:

"ನೀನು ಖುಷಿಯಾಗಿದ್ದಾಗ ಏನ್ಮಾಡ್ತಿದ್ದೆ?"

ಅಕ್ಕ ಯೋಚಿಸಿದಳು. "ಪಾತ್ರೆ ತೊಳೀತಾ ಹಾಡ್ಕೊಳ್ತಿದ್ದೆ. ಇಲ್ಲಿಗೆ ಬಂದ ಹೊಸದರಲ್ಲೂ ಹಾಡ್ತಿದ್ದೆ. ಅದೇನು ಗಲಾಟೆ ಅಂತ ನೀವೇ ಅಡಿಗೆಮನೆ ಬಾಗಿಲು ಹಾಕ್ಕೊಂಡು ಬಂದ್ರಿ."

ಭಾವ ಏನೋ ಹೇಳಹೊರಟರು. ಬಾಯಿ ಮಾತ್ರ ತೆರೆದೇ ಇತ್ತು, ಒಳಗಿನ ಹಲ್ಲೆಲ್ಲ ಕಾಣುತ್ತಿದ್ದವು.